ಬ್ರಾಡ್‌ಬ್ಯಾಂಡ್ ಎಡ್ಜ್ ರೂಟರ್ ಅಳವಡಿಕೆ: ಲೆಕ್ಕ, ಜೋಡಣೆ, ಕಟೋವರ್ (ಹಳೆಯದರಿಂದ ಹೊಸದಕ್ಕೆ ಬದಲಾವಣೆ) ಮತ್ತು ಜೊತೆಜೊತೆಗೇ ಬರೆಯಬೇಕಾದ ದಾಖಲೆ

ಗ್ರಾಹಕರ ಮನೆಯಿಂದ ಹೊರಟ ಪ್ಯಾಕೆಟ್ ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಪೆಟ್ಟಿಗೆ), ಅಗ್ರಿಗೇಷನ್ ಸ್ವಿಚ್ (ಓಎಲ್‌ಟಿಗಳನ್ನು ಒಟ್ಟುಗೂಡಿಸುವುದು) ದಾಟಿ ಬರುತ್ತದೆ. ಅದು ಯಾರದ್ದು, ಅವರ ಖಾತೆ ಚಾಲ್ತಿಯಲ್ಲಿದೆಯೇ, ಯಾವ ವಿಳಾಸ ಕೊಡಬೇಕು, ಎಷ್ಟು ವೇಗ ಬಿಡಬೇಕು, ಎಷ್ಟು ಬಳಸಿದರು ಎಂಬುದನ್ನೆಲ್ಲ ನೋಡಿಕೊಳ್ಳುವುದು ಎಡ್ಜ್ ರೂಟರ್. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಬ್ರಾಸ್ ಎಂದಿರುತ್ತದೆ, ಹೊಸದರಲ್ಲಿ ಬಿಎನ್‌ಜಿ. ಜಾಲದ ನಡುವಿನ ಕೋರ್ ರೂಟರ್ ಒಂದು ಕೆಟ್ಟರೆ ಟ್ರಾಫಿಕ್ ಬೇರೆ ದಾರಿ ಹಿಡಿಯುತ್ತದೆ. ಇದು ಕೆಟ್ಟರೆ ಇದರ ಹಿಂದಿರುವ ಅಷ್ಟೂ ಸೆಷನ್, ಅಂದರೆ ಗ್ರಾಹಕರ ಚಾಲ್ತಿ ಸಂಪರ್ಕಗಳು, ಬೀಳುತ್ತವೆ.

ಇಂಥ ರೂಟರ್‌ನ ಕಾನ್ಫಿಗರೇಷನ್ ಓದಿದರೆ ಏನು ಮಾಡಿದ್ದಾರೆ ಎಂಬುದು ತಿಳಿಯುತ್ತದೆ, ಯಾಕೆ ಎಂಬುದು ತಿಳಿಯುವುದಿಲ್ಲ. ಆ ‘ಯಾಕೆ’ ಇರಬೇಕಾದ್ದು ದಾಖಲೆಯಲ್ಲಿ. ಕೆಲಸ ಮುಗಿದ ಮೇಲೆ ಬರೆದರಾಯಿತು ಎಂದುಕೊಂಡ ದಾಖಲೆಯನ್ನು ಯಾರೂ ಬರೆಯುವುದಿಲ್ಲ; ಬರೆದರೂ ಅದರಲ್ಲಿ ಅರ್ಧ ಊಹೆ. ಆದ್ದರಿಂದ ಇಲ್ಲಿ ಪ್ರತಿ ಹಂತದ ಜೊತೆಗೇ ಆ ಹಂತದಲ್ಲಿ ಬರೆದಿಡಬೇಕಾದ್ದನ್ನೂ ಹೇಳಿದೆ. ಲೆಕ್ಕಕ್ಕಾಗಿ 8000 ಗ್ರಾಹಕರ ಜಾಲವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

1. ಕೊಳ್ಳುವ ಮೊದಲು ನಾಲ್ಕು ಲೆಕ್ಕ

ಮೊದಲನೆಯದು ಟ್ರಾಫಿಕ್. ಪ್ಲಾನ್‌ಗಳ ವೇಗವನ್ನು ಕೂಡಿಸಿ ಲೆಕ್ಕ ಹಾಕಬೇಡಿ. ಈಗಿರುವ ಅಪ್‌ಲಿಂಕ್‌ನ ಗ್ರಾಫ್‌ನಲ್ಲಿ ರಾತ್ರಿಯ ಗರಿಷ್ಠ ಮಟ್ಟ ನೋಡಿ, ಆ ಹೊತ್ತಿಗೆ ಇದ್ದ ಸೆಷನ್‌ಗಳಿಂದ ಭಾಗಿಸಿ. ತಲಾ 3 ಎಂಬಿಪಿಎಸ್ ಬಂತು ಎಂದಿಟ್ಟುಕೊಂಡರೆ 8000 ಗ್ರಾಹಕರಿಗೆ 24 ಜಿಬಿಪಿಎಸ್. ನಾಲ್ಕು 10 ಗಿಗಾಬಿಟ್ ಪೋರ್ಟ್‌ಗಳನ್ನು ಒಂದು ಬಂಡಲ್ ಮಾಡಿದರೆ, ಒಂದು ಕೇಬಲ್ ಹೋದರೂ 30 ಉಳಿಯುತ್ತದೆ. ಆದರೆ ಬಂಡಲ್‌ನಲ್ಲಿ ಟ್ರಾಫಿಕ್ ಸಮನಾಗಿ ಹಂಚಿಹೋಗುತ್ತದೆ ಎಂದು ನಂಬಬೇಡಿ. ಕೆಲವು ಸ್ವಿಚ್‌ಗಳಿಗೆ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೆಷನ್ ಕಟ್ಟುವ ವಿಧಾನ) ಹೊದಿಕೆಯ ಒಳಗಿನ ಐಪಿ ವಿಳಾಸ ಕಾಣುವುದಿಲ್ಲ. ಯಾವ ಪ್ಯಾಕೆಟ್ ಯಾವ ಕೇಬಲ್‌ಗೆ ಎಂದು ತೀರ್ಮಾನಿಸುವ ಹ್ಯಾಶ್ ಅನ್ನು ಐಪಿ ಮೇಲೆ ಮಾತ್ರ ಇಟ್ಟಿದ್ದರೆ ಎಲ್ಲವೂ ಒಂದೇ ಕೇಬಲ್‌ಗೆ ನುಗ್ಗಿ, ಉಳಿದ ಮೂರು ಖಾಲಿ ಕೂರುತ್ತವೆ. ಅಂಥ ಕಡೆ ಮ್ಯಾಕ್ ವಿಳಾಸವನ್ನೂ ಹ್ಯಾಶ್‌ಗೆ ಸೇರಿಸಬೇಕು.

ಡೇಟಾ ಶೀಟಿನ ವೇಗದ ಅಂಕಿಯನ್ನು ಪ್ಯಾಕೆಟ್ ಗಾತ್ರ ನೋಡದೆ ಒಪ್ಪಬೇಡಿ. 64 ಬೈಟ್ ಫ್ರೇಮ್‌ಗಳಾದರೆ 10 ಗಿಗಾಬಿಟ್ ಪೋರ್ಟ್ ತುಂಬಲು ಸೆಕೆಂಡಿಗೆ 1.488 ಕೋಟಿ ಪ್ಯಾಕೆಟ್ ಬೇಕು. ದೊಡ್ಡ ಫ್ರೇಮ್‌ಗಳಲ್ಲಿ ಪೂರ್ತಿ ವೇಗ ತೋರುವ ಪೆಟ್ಟಿಗೆಯೇ ಸಣ್ಣ ಪ್ಯಾಕೆಟ್‌ಗಳ ದಾಳಿ ಬಂದಾಗ ಮಂಡಿಯೂರುತ್ತದೆ. ಕ್ಯೂ, ಫಿಲ್ಟರ್, ಎಣಿಕೆ ಎಲ್ಲ ಆನ್ ಇದ್ದಾಗಿನ ಅಂಕಿ ಕೊಡಿ ಎಂದು ಮಾರುವವರನ್ನು ಬರಹದಲ್ಲೇ ಕೇಳಿ.

ಎರಡನೆಯದು ಸೆಷನ್ ಸಂಖ್ಯೆ. ಎರಡು ರೂಟರ್‌ಗಳಿಗೆ ನಾಲ್ಕು ನಾಲ್ಕು ಸಾವಿರ ಹಂಚಿದರೂ, ಒಂದು ಬಿದ್ದಾಗ ಇನ್ನೊಂದು 8000 ಹೊರಬೇಕು. ಲೈಸೆನ್ಸ್ ಕೂಡ ಅಷ್ಟಕ್ಕೇ ಇರಬೇಕು. ಕೆಲವು ಮಾದರಿಗಳಲ್ಲಿ ಒಬ್ಬ ಗ್ರಾಹಕನ ಐಪಿವಿ4 ಮತ್ತು ಐಪಿವಿ6 ಎರಡು ಸೆಷನ್ ಎಂದು ಲೆಕ್ಕಕ್ಕೆ ಬರುತ್ತವೆ. ಇದನ್ನೂ ಮೊದಲೇ ಕೇಳಿಕೊಳ್ಳಿ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಸೆಕೆಂಡಿಗೆ ಎಷ್ಟು ಸೆಷನ್ ಕಟ್ಟಬಲ್ಲದು? ಕರೆಂಟ್ ಹೋಗಿ ಬಂದಾಗ ಇಡೀ ಪ್ರದೇಶದ ಮೋಡೆಮ್‌ಗಳು ಒಟ್ಟಿಗೇ ಎದ್ದು ಕದ ತಟ್ಟುತ್ತವೆ. ಸೆಕೆಂಡಿಗೆ 100 ಆದರೆ 8000 ಮಂದಿ 80 ಸೆಕೆಂಡಿನಲ್ಲಿ ಒಳಗೆ. 20 ಆದರೆ 400 ಸೆಕೆಂಡು. ಅಷ್ಟರಲ್ಲಿ ಕಾದು ಬೇಸತ್ತ ಮೋಡೆಮ್‌ಗಳು ಮತ್ತೆ ಮೊದಲಿನಿಂದ ಶುರು ಮಾಡುತ್ತವೆ, ಸಾಲು ಕರಗುವುದೇ ಇಲ್ಲ. ಈ ಒಂದು ಅಂಕಿಗೆ ಟ್ರಾಫಿಕ್ ಅಂಕಿಗಿಂತ ಹೆಚ್ಚು ಬೆಲೆ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ನಾಲ್ಕನೆಯದು ರೂಟ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ. ಇಂಟರ್ನೆಟ್‌ನ ಐಪಿವಿ4 ಪೂರ್ಣ ಟೇಬಲ್ ಈಗ 10 ಲಕ್ಷದ ಆಸುಪಾಸಿನಲ್ಲಿದೆ. 2014ರ ಆಗಸ್ಟ್ 12ರಂದು ಅದು 5,24,288ರ ಗಡಿ ಮುಟ್ಟಿದಾಗ, ಅಷ್ಟಕ್ಕೇ ಜಾಗ ಮಾಡಿಟ್ಟಿದ್ದ ಹಳೆಯ ರೂಟರ್‌ಗಳು ಹಲವು ಕಡೆ ಎಡವಿದವು. ಹಿಂದೆ ಕೋರ್ ಇದೆ ಎಂದಾದರೆ ಎಡ್ಜ್‌ಗೆ ಡಿಫಾಲ್ಟ್ ರೂಟ್ (ಗೊತ್ತಿಲ್ಲದ್ದೆಲ್ಲ ಕೋರ್‌ಗೆ ಎಂಬ ಒಂದೇ ದಾರಿ) ಸಾಕು. ಪೂರ್ಣ ಟೇಬಲ್ ಹೊರಿಸಬೇಡಿ.

ಈ ನಾಲ್ಕು ಅಂಕಿ, ಅವು ಎಲ್ಲಿಂದ ಬಂದವು, ಯಾವ ಮಟ್ಟ ದಾಟಿದರೆ ಹೊಸ ಪೆಟ್ಟಿಗೆ ಬೇಕು: ದಾಖಲೆಯ ಮೊದಲ ಪುಟ ಇಷ್ಟೇ.

2. ತಯಾರಕರ ಕೈಪಿಡಿ ಓದುವ ಕ್ರಮ

ಎಲ್ಲರೂ ಕಾನ್ಫಿಗರೇಷನ್ ಗೈಡ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ರಿಲೀಸ್ ನೋಟ್ಸ್‌ನಿಂದ, ಅದರಲ್ಲೂ ‘ತಿಳಿದಿರುವ ದೋಷಗಳು’ ಎಂಬ ಭಾಗದಿಂದ. ಆಮೇಲೆ ಸೆಷನ್, ಕ್ಯೂ, ವಿಲ್ಯಾನ್ (ಒಂದೇ ತಂತಿಯಲ್ಲಿ ಟ್ಯಾಗ್ ಹಚ್ಚಿ ಬೇರ್ಪಡಿಸಿದ ಜಾಲ) ಮಿತಿಗಳ ಪಟ್ಟಿ. ಇವು ಲೈನ್ ಕಾರ್ಡ್‌ಗೊಂದು ರೀತಿ ಇರುತ್ತವೆ. ಕಾನ್ಫಿಗರೇಷನ್ ಗೈಡ್ ಬರುವುದು ಮೂರನೆಯದಾಗಿ, ನಿಮ್ಮ ಸಾಫ್ಟ್‌ವೇರ್ ಆವೃತ್ತಿಯದ್ದೇ ಆಗಿರಬೇಕು. ಕಮಾಂಡ್ ರೆಫರೆನ್ಸ್ ಓದಲು ಅಲ್ಲ, ಹುಡುಕಲು.

ಕಮಾಂಡ್ ಅದೇ, ಅರ್ಥ ಬೇರೆ ಎನ್ನುವ ಜಾಗದಲ್ಲೇ ಜನ ಬೀಳುವುದು. ಸಿಸ್ಕೋದ ಹಳೆಯ ಐಓಎಸ್‌ನಲ್ಲಿ ಈಥರ್ನೆಟ್ ಎಂಟಿಯು (ಒಂದು ಸಲಕ್ಕೆ ಸಾಗಿಸಬಹುದಾದ ಗರಿಷ್ಠ ಗಾತ್ರ) ಡಿಫಾಲ್ಟ್ 1500: ಒಳಗಿನ ಪ್ಯಾಕೆಟ್ ಮಾತ್ರ. ಐಓಎಸ್ ಎಕ್ಸ್‌ಆರ್‌ನಲ್ಲೂ ಜೂನಿಪರ್‌ನ ಜೂನೋಸ್‌ನಲ್ಲೂ ಡಿಫಾಲ್ಟ್ 1514: 14 ಬೈಟ್ ಹೆಡರ್ ಸೇರಿದ ಲೆಕ್ಕ. ಒಂದು ಬದಿಯ ಸಂಖ್ಯೆಯನ್ನು ಇನ್ನೊಂದು ಬದಿಗೆ ಹಾಗೇ ನಕಲು ಮಾಡಿದರೆ 14 ಬೈಟ್ ಕಡಿಮೆ ಬೀಳುತ್ತದೆ. ಪಿಂಗ್ ಹೋಗುತ್ತದೆ, ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಓಎಸ್‌ಪಿಎಫ್ ಮಾತ್ರ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತುಬಿಡುತ್ತದೆ.

ಬೇಕಾದ ಕೈಪಿಡಿಗಳ ಪಿಡಿಎಫ್ ಇಳಿಸಿ ಲ್ಯಾಪ್‌ಟಾಪ್‌ನಲ್ಲಿಟ್ಟುಕೊಳ್ಳಿ. ರೂಟರ್ ಬಿದ್ದಿರುವಾಗ ಅದನ್ನು ಎಬ್ಬಿಸುವ ಕೈಪಿಡಿ ಅದೇ ರೂಟರ್‌ನ ಆಚೆ ಇದ್ದರೆ ಪ್ರಯೋಜನವಿಲ್ಲ.

3. ರ‍್ಯಾಕ್, ವಿದ್ಯುತ್, ಫೈಬರ್

ಗಾಳಿ ಯಾವ ಕಡೆಯಿಂದ ಒಳಗೆ, ಯಾವ ಕಡೆಗೆ ಹೊರಗೆ ಎಂಬುದನ್ನು ಪಕ್ಕದ ಉಪಕರಣಗಳ ಜೊತೆ ಹೋಲಿಸಿ. ಒಂದರ ಬಿಸಿ ಇನ್ನೊಂದು ಸೇದುವಂತಿರಬಾರದು. ಮೈನಸ್ 48 ವೋಲ್ಟ್ ಡಿಸಿ ಆಗಲಿ, ಎಸಿ ಆಗಲಿ, ಎ ಮತ್ತು ಬಿ ಫೀಡ್‌ಗಳು ಬೇರೆ ಬೇರೆ ಬ್ರೇಕರ್‌ನಿಂದ, ಸಾಧ್ಯವಾದರೆ ಬೇರೆ ಮೂಲದಿಂದ ಬರಬೇಕು. ಒಂದು ಫೀಡ್ ನಿಂತರೆ ಇನ್ನೊಂದರ ಮೇಲೆ ಪೂರ್ತಿ ಹೊರೆ ಬೀಳುತ್ತದೆ, ಹಾಗಾಗಿ ಮಾಮೂಲಿ ದಿನಗಳಲ್ಲಿ ಒಂದೊಂದರ ಹೊರೆಯೂ ಬ್ರೇಕರ್ ಮಿತಿಯ ಅರ್ಧಕ್ಕಿಂತ ಕಡಿಮೆ ಇರಲಿ. ಸೇವೆ ಶುರುವಾಗುವ ಮುನ್ನವೇ ಒಂದೊಂದು ಫೀಡ್ ಕಿತ್ತು ನೋಡಿ.

ಪ್ಯಾಚ್ ಕಾರ್ಡ್‌ನ ತುದಿಯನ್ನು ಸಿಕ್ಕಿಸುವ ಮೊದಲು ಒರೆಸಿ, ಹೊಚ್ಚ ಹೊಸದಾದರೂ. 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲ್ ಮೈನಸ್ 14.4ರಿಂದ 0.5 ಡಿಬಿಎಂ ವರೆಗಿನ ಬೆಳಕನ್ನು ಸ್ವೀಕರಿಸುತ್ತದೆ. ಮೈನಸ್ 13 ಬಂದರೂ ಲಿಂಕ್ ಏಳುತ್ತದೆ, ಆದರೆ ನಾಳೆ ಒಂದಿಷ್ಟು ದೂಳು ಕೂತರೆ ಬೀಳುತ್ತದೆ. ಅಳವಡಿಸಿದ ದಿನ ಪ್ರತಿ ಪೋರ್ಟ್‌ನಲ್ಲಿ ಕಂಡ ಮಟ್ಟವನ್ನು ಬರೆದಿಡಿ. ಆರು ತಿಂಗಳ ನಂತರ 3 ಡಿಬಿ ಇಳಿದಿದ್ದರೆ ಇಳಿದಿದೆ ಎಂದು ಗೊತ್ತಾಗುವುದು ಹಳೆಯ ಅಂಕಿ ಇದ್ದಾಗ ಮಾತ್ರ.

ಕನ್ಸೋಲ್ (ಜಾಲವಿಲ್ಲದೆಯೂ ರೂಟರ್ ಒಳಹೊಕ್ಕುವ ಪೋರ್ಟ್) ಸಾಮಾನ್ಯವಾಗಿ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಕೆಲವು ಹೊಸ ಪೆಟ್ಟಿಗೆಗಳಲ್ಲಿ 115200 ಇರುತ್ತದೆ. ಕನ್ಸೋಲ್ ಸರ್ವರ್‌ಗೆ ಹೋಗುವ ಸಂಪರ್ಕ ಇದೇ ರೂಟರ್ ಮೂಲಕ ಹಾದುಹೋಗಬಾರದು.

4. ವಿಲ್ಯಾನ್, ಸೆಷನ್, ಎಂಟಿಯು

ಓಎಲ್‌ಟಿಗೊಂದು ಹೊರ ವಿಲ್ಯಾನ್, ಗ್ರಾಹಕನಿಗೊಂದು ಒಳ ವಿಲ್ಯಾನ್ ಎಂಬ ಎರಡು ಟ್ಯಾಗ್ ವ್ಯವಸ್ಥೆಯಲ್ಲಿ ಒಂದು ಹೊರ ವಿಲ್ಯಾನ್‌ಗೆ 4094 ಗ್ರಾಹಕರವರೆಗೆ ಹಿಡಿಸುತ್ತಾರೆ. ಟ್ಯಾಗ್ ನೋಡಿದರೇ ಗ್ರಾಹಕ ಯಾರೆಂದು ತಿಳಿಯುತ್ತದೆ, ಪಕ್ಕದ ಮನೆಯವರ ತಪ್ಪು ಸಂಪರ್ಕ ಇನ್ನೊಬ್ಬರಿಗೆ ತಟ್ಟುವುದಿಲ್ಲ. ಎಲ್ಲರನ್ನೂ ಒಂದೇ ವಿಲ್ಯಾನ್‌ಗೆ ಹಾಕಿದರೆ ಗುರುತಿಗೆ ಓಎಲ್‌ಟಿ ಸೇರಿಸುವ ಸರ್ಕ್ಯೂಟ್ ಐಡಿಯೇ ಗತಿ. ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಅದು ಆಪ್ಷನ್ 82ರಲ್ಲಿ ಬರುತ್ತದೆ. ಅದರ ಬರವಣಿಗೆ ಒಂದೊಂದು ಕಂಪನಿಯ ಓಎಲ್‌ಟಿಗೂ ಒಂದೊಂದು ರೀತಿ. ಆದ್ದರಿಂದ ಪ್ರತಿ ಮಾದರಿಯಿಂದ ನಿಜವಾಗಿ ಬಂದ ಒಂದು ಸಾಲನ್ನು ನಕಲು ಮಾಡಿ, ಯಾವ ಅಂಕಿ ಸ್ಲಾಟ್, ಯಾವುದು ಪೋರ್ಟ್, ಯಾವುದು ಓಎನ್‌ಟಿ (ಗ್ರಾಹಕನ ಮನೆಯ ಫೈಬರ್ ಪೆಟ್ಟಿಗೆ) ಎಂದು ಕೆಳಗೆ ಬರೆದಿಡಿ.

ಪಿಪಿಪಿಒಇ ಬೇಕೋ ಐಪಿಒಇ (ಲಾಗಿನ್ ಇಲ್ಲದೆ ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವ ವಿಧಾನ) ಬೇಕೋ? ಈಗಾಗಲೇ ಗ್ರಾಹಕರ ಬಳಿ ಯೂಸರ್‌ನೇಮ್, ಪಾಸ್‌ವರ್ಡ್ ಇದ್ದು ಬಿಲ್ಲಿಂಗ್ ಅದರ ಮೇಲೇ ನಿಂತಿದ್ದರೆ ಪಿಪಿಪಿಒಇ ಮುಂದುವರಿಸುವುದು ಸುಲಭ. ಹೊಸದಾಗಿ ಕಟ್ಟುವವರಿಗೆ, ಗ್ರಾಹಕನಿಗೊಂದು ವಿಲ್ಯಾನ್ ಕೊಡಲು ಸಾಧ್ಯವಿದ್ದರೆ, ಐಪಿಒಇ ಒಳ್ಳೆಯದು. ಎಂಟಿಯು ತಲೆನೋವು ಇಲ್ಲ.

ಆ ತಲೆನೋವು ಏನೆಂದರೆ: 1999ರ ಆರ್‌ಎಫ್‌ಸಿ 2516 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಪ್ರಕಾರ ಪಿಪಿಪಿಒಇ ಹೆಡರ್ 6 ಬೈಟ್, ಪಿಪಿಪಿಯದ್ದು 2. 1500ರಲ್ಲಿ 8 ಹೋಗಿ 1492 ಉಳಿಯುತ್ತದೆ. ದೂರದ ಸರ್ವರ್ 1500ರ ಪ್ಯಾಕೆಟ್ ಕಳಿಸಿದಾಗ ಎಡ್ಜ್ ರೂಟರ್ ‘ಇಷ್ಟು ದೊಡ್ಡದು ಹಿಡಿಸುವುದಿಲ್ಲ’ ಎಂದು ಐಸಿಎಂಪಿ ಸಂದೇಶ ಕಳಿಸುತ್ತದೆ. ನಡುವೆ ಯಾರಾದರೂ ಐಸಿಎಂಪಿ ತಡೆದಿದ್ದರೆ ಆ ಸುದ್ದಿ ತಲುಪುವುದಿಲ್ಲ. ಆಗ ಪಿಂಗ್ ಸರಿ, ಸಣ್ಣ ಪುಟಗಳು ಸರಿ, ಕೆಲವು ಸೈಟ್‌ಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. ಪರಿಹಾರ ಎರಡು. ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿ) ಅನ್ನು ಐಪಿವಿ4ಕ್ಕೆ 1452, ಐಪಿವಿ6ಕ್ಕೆ 1432ಕ್ಕೆ ಇಳಿಸುವುದು. ಇಲ್ಲವೇ ಆರ್‌ಎಫ್‌ಸಿ 4638ರ ಪ್ರಕಾರ 1508ರ ಹೊರೆ ಬಿಟ್ಟು ಗ್ರಾಹಕನಿಗೆ ಪೂರ್ತಿ 1500 ಕೊಡುವುದು. ಎರಡನೆಯದಕ್ಕೆ ಮೋಡೆಮ್, ಓಎಲ್‌ಟಿ, ಸ್ವಿಚ್ ಎಲ್ಲವೂ ಒಪ್ಪಬೇಕು: 1508, ಹೆಡರ್ 14, ಎರಡು ಟ್ಯಾಗ್‌ಗೆ 8, ಕೊನೆಯ ಪರೀಕ್ಷಾ ಬೈಟ್‌ಗಳು 4, ಒಟ್ಟು 1534 ಬೈಟ್ ಫ್ರೇಮ್ ಹಾದುಹೋಗಬೇಕು. ಮೊದಲ ವಿಧಾನದಲ್ಲೂ 1526 ಬೇಕೇ ಬೇಕು; ಹಳೆಯ ಸ್ವಿಚ್ ಒಂದು 1522ಕ್ಕೇ ಕತ್ತರಿಸುತ್ತಿರುವುದು ಅಪರೂಪವಲ್ಲ.

ಪರೀಕ್ಷೆ ಸುಲಭ. ಗ್ರಾಹಕನ ಬದಿಯಿಂದ ತುಂಡು ಮಾಡಬಾರದು ಎಂಬ ಬಿಟ್ ಹಾಕಿ 1464 ಬೈಟ್ ಪಿಂಗ್ ಕಳಿಸಿ: 1464, ಐಪಿ ಹೆಡರ್ 20, ಐಸಿಎಂಪಿ 8, ಒಟ್ಟು 1492. ಎಂಟಿಯು 1492 ಆಗಿದ್ದರೆ ಇದು ಹೋಗಬೇಕು, 1465 ಹೋಗಬಾರದು. 1464ಕ್ಕೂ ಉತ್ತರ ಬರದಿದ್ದರೆ ದಾರಿಯಲ್ಲೊಂದು ಸ್ವಿಚ್‌ನ ಎಂಟಿಯು ತಪ್ಪಿದೆ. ಐಪಿವಿ6ಗೆ ಇದೇ ಲೆಕ್ಕ 1444.

5. ರೇಡಿಯಸ್: ನಿಜವಾದ ಕುತ್ತಿಗೆ ಇಲ್ಲಿದೆ

ಗ್ರಾಹಕರ ಖಾತೆ ಪರೀಕ್ಷಿಸಿ ಬಳಕೆ ದಾಖಲಿಸುವ ಸರ್ವರ್ ಜೊತೆ ರೂಟರ್ ಮಾತಾಡುವ ಭಾಷೆ ರೇಡಿಯಸ್. ದೃಢೀಕರಣ ಯುಡಿಪಿ ಪೋರ್ಟ್ 1812, ಅಕೌಂಟಿಂಗ್ (ಬಳಕೆಯ ಲೆಕ್ಕ) 1813, ನಡುವೆ ವೇಗ ಬದಲಿಸುವ ಅಥವಾ ಸೆಷನ್ ಕಡಿಯುವ ಆದೇಶ 3799. ಕೊನೆಯದು ಸರ್ವರ್‌ನಿಂದ ರೂಟರ್ ಕಡೆಗೆ ಬರುವುದರಿಂದ ಫೈರ್‌ವಾಲ್‌ನಲ್ಲಿ ಆ ದಿಕ್ಕು ತೆರೆದಿರಬೇಕು. ಪ್ಲಾನ್ ಬದಲಿಸಿದರೂ ಮರುಲಾಗಿನ್ ತನಕ ವೇಗ ಬದಲಾಗುವುದಿಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ರೇಡಿಯಸ್ ಪ್ಯಾಕೆಟ್‌ನ ಗುರುತು ಸಂಖ್ಯೆಗೆ 8 ಬಿಟ್ ಮಾತ್ರ. ಅಂದರೆ ಒಂದು ಸೋರ್ಸ್ ಪೋರ್ಟ್‌ನಿಂದ ಉತ್ತರಕ್ಕಾಗಿ ಕಾಯುತ್ತಿರುವ ಕೋರಿಕೆಗಳು ಏಕಕಾಲಕ್ಕೆ 256 ದಾಟುವಂತಿಲ್ಲ. ಸರ್ವರ್ 20 ಮಿಲಿಸೆಕೆಂಡಿನಲ್ಲಿ ಉತ್ತರಿಸುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಡೇಟಾಬೇಸ್ ನಿಧಾನವಾಗಿ ಉತ್ತರಕ್ಕೆ 3 ಸೆಕೆಂಡು ಹಿಡಿಯಿತೆನ್ನಿ: 256ನ್ನು 3ರಿಂದ ಭಾಗಿಸಿದರೆ ಸೆಕೆಂಡಿಗೆ 85 ಲಾಗಿನ್, ಅದಕ್ಕಿಂತ ಹೆಚ್ಚಿಲ್ಲ. ರೂಟರ್ ಎಷ್ಟೇ ಬಲಶಾಲಿಯಾದರೂ ಅಷ್ಟೇ. ಕರೆಂಟ್ ಬಂದ ಹೊತ್ತಿನಲ್ಲಿ ಇದಕ್ಕೆ ಅಕೌಂಟಿಂಗ್ ಸ್ಟಾರ್ಟ್‌ಗಳೂ ಸೇರುತ್ತವೆ, ಅವೂ ಅದೇ ಡೇಟಾಬೇಸ್‌ಗೆ ಬರೆಯುತ್ತವೆ, ದೃಢೀಕರಣ ಇನ್ನೂ ನಿಧಾನವಾಗುತ್ತದೆ. ಟೈಮ್‌ಔಟ್ ಆದ ರೂಟರ್ ಮೊದಲ ಸರ್ವರ್ ಸತ್ತಿದೆ ಎಂದು ಎರಡನೆಯದಕ್ಕೆ ಹೋಗುತ್ತದೆ. ಎರಡೂ ಸರ್ವರ್ ಒಂದೇ ಡೇಟಾಬೇಸ್ ಮೇಲೆ ಕೂತಿದ್ದರೆ ಅಲ್ಲೂ ಅದೇ ಕಥೆ. ಈ ಸುಳಿಯಿಂದ ತಪ್ಪಿಸಿಕೊಳ್ಳಲು ದೃಢೀಕರಣದ ಓದು ಒಂದು ಕಡೆ, ಅಕೌಂಟಿಂಗ್ ಬರಹ ಇನ್ನೊಂದು ಕಡೆ ಇರಲಿ. ರೂಟರ್‌ನಲ್ಲಿ ಹೆಚ್ಚು ಸೋರ್ಸ್ ಪೋರ್ಟ್ ಬಳಸುವ ಆಯ್ಕೆ ಇದ್ದರೆ ಹಾಕಿ. ಹೊಸ ಸೆಷನ್ ಕೋರಿಕೆಗಳಿಗೆ ಸೆಕೆಂಡಿನ ಮಿತಿ ಇಡಿ. ಮಿತಿ ಇಟ್ಟರೆ ಎಲ್ಲರೂ ತುಸು ತಡವಾಗಿ ಆದರೂ ಒಳಗೆ ಬರುತ್ತಾರೆ. ಇಡದಿದ್ದರೆ ಯಾರೂ ಬರದ ಸ್ಥಿತಿ ಬರಬಹುದು.

ಮಧ್ಯಂತರ ಅಕೌಂಟಿಂಗ್ ಅವಧಿ 600 ಸೆಕೆಂಡಿಗಿಂತ ಕಡಿಮೆ ಬೇಡ ಎನ್ನುತ್ತದೆ ಆರ್‌ಎಫ್‌ಸಿ 2869. 8000 ಸೆಷನ್‌ಗೆ ಅದು ಸೆಕೆಂಡಿಗೆ ಸುಮಾರು 13 ಪ್ಯಾಕೆಟ್. 60 ಸೆಕೆಂಡ್ ಮಾಡಿದರೆ 133. ಬಳಕೆಯ ಎಣಿಕೆ 32 ಬಿಟ್‌ನದು, 100 ಎಂಬಿಪಿಎಸ್‌ನಲ್ಲಿ 343 ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುತ್ತದೆ. ಸುತ್ತಿದ ಸಲವನ್ನು ಗಿಗಾವರ್ಡ್ಸ್ ಎಂಬ ಬೇರೆ ಆಟ್ರಿಬ್ಯೂಟ್ ಹೇಳುತ್ತದೆ. ಬಿಲ್ಲಿಂಗ್ ತಂತ್ರಾಂಶ ಅದನ್ನು ಓದದಿದ್ದರೆ ನೂರು ಜಿಬಿ ಬಳಸಿದವರ ಲೆಕ್ಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಕಾಣುವುದಿಲ್ಲ.

ರೇಡಿಯಸ್ ಪುಟದಲ್ಲಿ ಕಳಿಸುವ ಪ್ರತಿ ಆಟ್ರಿಬ್ಯೂಟ್, ಅದರ ಒಂದು ಮಾದರಿ ಮೌಲ್ಯ, ರೂಟರ್‌ನಲ್ಲಿ ಅದಕ್ಕೆ ಹೊಂದುವ ಪಾಲಿಸಿಯ ಹೆಸರು ಅಕ್ಷರಕ್ಕೆ ಅಕ್ಷರ ಇರಬೇಕು. ಸರ್ವರ್ ಹೇಳಿದ ಪಾಲಿಸಿ ರೂಟರ್‌ನಲ್ಲಿ ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯಿದ್ದೂ ಸೆಷನ್ ಬೀಳುತ್ತದೆ. ಸರ್ವರ್ ಲಾಗ್‌ನಲ್ಲಿ ‘ಅಕ್ಸೆಪ್ಟ್’ ಎಂದೇ ಇರುತ್ತದೆ, ಅದನ್ನು ನೋಡಿದವರು ಗ್ರಾಹಕನ ಮೋಡೆಮ್ ಮೇಲೆ ಅನುಮಾನ ಪಡುತ್ತಾರೆ.

6. ವಿಳಾಸಗಳು

ಸಿಜಿನ್ಯಾಟ್‌ನ (ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆಯ) ಒಳಬದಿಗೆ 100.64.0.0/10 ಬಳಸಿ; ಅದು ಇದಕ್ಕೆಂದೇ 2012ರಲ್ಲಿ ಮೀಸಲಾದ ವಲಯ, ಮನೆಯ ರೂಟರ್‌ನ 192.168 ವಿಳಾಸಗಳ ಜೊತೆ ಡಿಕ್ಕಿ ಹೊಡೆಯುವುದಿಲ್ಲ. ಒಂದು ಸಾರ್ವಜನಿಕ ವಿಳಾಸದಲ್ಲಿ 1024ರಿಂದ 65535ರ ತನಕ 64,512 ಪೋರ್ಟ್ ಸಿಗುತ್ತವೆ. ಗ್ರಾಹಕನಿಗೆ 1024ರ ಒಂದು ಕಂತೆ ಕೊಟ್ಟರೆ ವಿಳಾಸಕ್ಕೆ 63 ಮಂದಿ, 8000ಕ್ಕೆ 127 ವಿಳಾಸ. /25 ಬ್ಲಾಕ್‌ನಲ್ಲಿ 128 ಇವೆ, ಅಂದರೆ ಬೆಳೆಯಲು ಜಾಗವೇ ಇಲ್ಲ, /24 ಇಟ್ಟುಕೊಳ್ಳಿ. ಕಂತೆ ಲೆಕ್ಕದಲ್ಲಿ ಕೊಟ್ಟರೆ ಕೊಟ್ಟಾಗ ಒಂದು, ಹಿಂಪಡೆದಾಗ ಒಂದು ಲಾಗ್ ಸಾಲು ಸಾಕು. ಇಲ್ಲದಿದ್ದರೆ ಪ್ರತಿ ಸಂಪರ್ಕಕ್ಕೊಂದು ಸಾಲು ಬರೆಯುತ್ತಾ ಲಾಗ್ ಸರ್ವರ್ ಮುಳುಗುತ್ತದೆ. ಯಾವ ಗ್ರಾಹಕ ಎಂದು ಹುಡುಕಲು ವಿಳಾಸದ ಜೊತೆ ಪೋರ್ಟ್ ಮತ್ತು ನಿಖರ ಸಮಯ ಬೇಕು, ಹಾಗಾಗಿ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಕಡ್ಡಾಯ. ಲಾಗ್ ಯಾವ ಟೈಮ್‌ಜೋನ್‌ನಲ್ಲಿದೆ ಎಂಬುದನ್ನೂ ಬರೆದಿಡಿ.

ಐಪಿವಿ6ನಲ್ಲಿ ಗ್ರಾಹಕನಿಗೆ ಒಂದು /56 ಕೊಟ್ಟರೆ ಅವನಿಗೆ 256 ಸಬ್‌ನೆಟ್. ರೂಟರ್‌ಗೊಂದು /40 ಮೀಸಲಿಟ್ಟರೆ 65,536 ಗ್ರಾಹಕರಿಗೆ ಸಾಕು, ಕೋರ್‌ಗೆ ಒಂದೇ ರೂಟ್ ಸಾರಿದರಾಯಿತು. ಐಪಿವಿ6 ಕೊಟ್ಟಷ್ಟೂ ಸಿಜಿನ್ಯಾಟ್ ಮೇಲಿನ ಹೊರೆ ಇಳಿಯುತ್ತದೆ.

ಗ್ರಾಹಕರ ಬದಿಯಲ್ಲಿ ಯುಆರ್‌ಪಿಎಫ್ ಆನ್ ಮಾಡಿ. ತಮಗೆ ಕೊಟ್ಟ ವಿಳಾಸ ಬಿಟ್ಟು ಬೇರೆ ವಿಳಾಸದ ಮುಖವಾಡ ಹಾಕಿದ ಪ್ಯಾಕೆಟ್ ಅಲ್ಲೇ ಸಾಯುತ್ತದೆ. ರೂಟರ್‌ನ ಆಡಳಿತ ಪೋರ್ಟ್‌ಗಳು ಗ್ರಾಹಕರಿಗೆ ಕಾಣಲೇಬಾರದು.

7. ಪಾಳಿಯವರಿಗೆ ಬೇಕಾದ ಪುಟ

ಮೇಲಿನ ಪುಟಗಳು ವಿನ್ಯಾಸ ಮಾಡುವವರಿಗೆ. ಅಪರಾತ್ರಿಯಲ್ಲಿ ಪಾಳಿಯಲ್ಲಿರುವವರಿಗೆ ಬೇಕಾದ್ದು ಬೇರೆ: ಒಂದು ಲಕ್ಷಣ, ಅದಕ್ಕೊಂದು ಪುಟ. ‘ಪಿಪಿಪಿಒಇ ಲಾಗಿನ್ ಆಗುತ್ತಿಲ್ಲ’ ಎಂಬ ಪುಟ ಹೀಗಿರಬೇಕು (ಪಾಡಿ ಮೋಡೆಮ್‌ನ ಮೊದಲ ಕರೆ, ಪಾಡೋ ರೂಟರ್‌ನ ಉತ್ತರ, ಪಾಡರ್ ಮೋಡೆಮ್‌ನ ಕೋರಿಕೆ, ಪಾಡ್ಸ್ ರೂಟರ್‌ನ ಒಪ್ಪಿಗೆ, ಎಲ್‌ಸಿಪಿ ಆಮೇಲಿನ ಲಿಂಕ್ ಮಾತುಕತೆ):

ಪಾಡಿ ಬರುತ್ತಿದೆಯೇ? ಇಲ್ಲವಾದರೆ ದೋಷ ರೂಟರ್‌ಗಿಂತ ಮೊದಲು: ಓಎನ್‌ಟಿ, ಓಎಲ್‌ಟಿ, ವಿಲ್ಯಾನ್.
ಪಾಡಿ ಬಂದರೂ ಪಾಡೋ ಹೋಗುತ್ತಿಲ್ಲವೇ? ಸೆಷನ್ ಮಿತಿ, ಲೈಸೆನ್ಸ್, ಸೆಕೆಂಡಿನ ಮಿತಿ ನೋಡಿ.
ಪಾಡೋ ಹೋದರೂ ಪಾಡರ್ ವಾಪಸ್ ಬರುತ್ತಿಲ್ಲವೇ? ಕೆಳಮುಖ ದಾರಿಯಲ್ಲಿ ಟ್ಯಾಗ್ ತಪ್ಪಿದೆ.
ಪಾಡ್ಸ್ ಆಗಿ ಎಲ್‌ಸಿಪಿ ನಿಂತಿದೆಯೇ? ಎರಡು ಬದಿಯ ದೃಢೀಕರಣ ವಿಧಾನ ಹೊಂದುತ್ತಿಲ್ಲ.
ಎಲ್‌ಸಿಪಿ ಆಗಿ ರಿಜೆಕ್ಟ್ ಬಂತೇ? ಖಾತೆ, ಪಾಸ್‌ವರ್ಡ್, ಇಲ್ಲವೇ ಹಳೆಯ ಸೆಷನ್ ಇನ್ನೂ ಸರ್ವರ್‌ನಲ್ಲಿ ಉಳಿದಿದೆ.
ಅಕ್ಸೆಪ್ಟ್ ಬಂದೂ ಬಿತ್ತೇ? ಪಾಲಿಸಿ ಹೆಸರು, ಆಮೇಲೆ ವಿಳಾಸದ ಪೂಲ್ ಖಾಲಿಯೇ ನೋಡಿ.

ಪ್ರತಿ ಸಾಲಿನ ಕೆಳಗೆ ನಿಮ್ಮ ರೂಟರ್‌ನಲ್ಲಿ ಓಡಿಸಬೇಕಾದ ಕಮಾಂಡ್ ಮತ್ತು ಎಲ್ಲವೂ ಸರಿಯಿದ್ದಾಗ ಬಂದ ನಿಜವಾದ ಉತ್ತರ ಅಂಟಿಸಿ. ಸರಿಯಿದ್ದಾಗ ಹೇಗಿರುತ್ತದೆ ಎಂಬುದು ಗೊತ್ತಿಲ್ಲದವರಿಗೆ ಕೆಟ್ಟಿರುವುದು ಕಾಣುವುದಿಲ್ಲ.

ಟೆಂಪ್ಲೇಟ್‌ಗಳಲ್ಲಿ ನಿಜವಾದ ವಿಳಾಸ ಹಾಕಬೇಡಿ. ದಾಖಲೆಗೆಂದೇ ಮೀಸಲಾದ 192.0.2.0/24, 198.51.100.0/24, 203.0.113.0/24 ಇವೆ, ಎಎಸ್ (ಇಂಟರ್ನೆಟ್‌ನಲ್ಲಿ ಒಂದು ಜಾಲದ ಗುರುತು) ಸಂಖ್ಯೆಗೆ 64496ರಿಂದ 64511. ಯಾರಾದರೂ ಬದಲಿಸದೆ ಅಂಟಿಸಿದರೂ ಇನ್ನೊಬ್ಬರ ಜಾಲಕ್ಕೆ ತೊಂದರೆಯಾಗುವುದಿಲ್ಲ, ಹುಡುಕಿದರೆ ತಕ್ಷಣ ಸಿಗುತ್ತದೆ. ಕಾನ್ಫಿಗರೇಷನ್ ಪ್ರತಿಗಳನ್ನು ಆಕ್ಸಿಡೈಸ್ಡ್ ಅಥವಾ ರ‍್ಯಾನ್ಸಿಡ್‌ನಂಥ ಸಾಧನ ತಾನೇ ತೆಗೆದಿಡಲಿ. ಪೋರ್ಟ್, ವಿಲ್ಯಾನ್, ವಿಳಾಸಗಳ ಪಟ್ಟಿಗೆ ನೆಟ್‌ಬಾಕ್ಸ್ ತಂತ್ರಾಂಶ ಸಾಕು. ಪಾಸ್‌ವರ್ಡ್, ರೇಡಿಯಸ್ ಗುಪ್ತಪದ ಅಲ್ಲೆಲ್ಲೂ ಬೇಡ.

8. ಕಟೋವರ್

ಐಪಿಒಇ ಗ್ರಾಹಕರಿದ್ದರೆ ಕೆಲಸ ಹಿಂದಿನ ದಿನವೇ ಶುರು. ಲೀಸ್ (ವಿಳಾಸ ಕೊಟ್ಟ ಅವಧಿ) 24 ಗಂಟೆ ಇದ್ದರೆ ಮೋಡೆಮ್ ಅರ್ಧ ಅವಧಿಯ ತನಕ, ಅಂದರೆ 12 ಗಂಟೆ, ಏನೂ ಕೇಳುವುದಿಲ್ಲ. ಹೊಸ ರೂಟರ್‌ಗೆ ಆ ಗ್ರಾಹಕ ಯಾರೆಂದೇ ತಿಳಿದಿರುವುದಿಲ್ಲ, ಮೋಡೆಮ್‌ಗೆ ತನ್ನ ವಿಳಾಸ ಇನ್ನೂ ಚಾಲ್ತಿಯಲ್ಲಿದೆ ಎಂಬ ನಂಬಿಕೆ. ಅದಕ್ಕೇ ಲೀಸ್ ಅನ್ನು 10 ನಿಮಿಷಕ್ಕೆ ಇಳಿಸಿ, ಹಳೆಯ ಲೀಸ್ ಪೂರ್ತಿ ಒಂದು ಸುತ್ತು ಮುಗಿಯುವ ತನಕ, ಅಂದರೆ 24 ಗಂಟೆ, ಕಾದು ಆಮೇಲೆ ಬದಲಿಸಿ. ಪಿಪಿಪಿಒಇಯಲ್ಲಿ ಮೋಡೆಮ್‌ನ ಎಲ್‌ಸಿಪಿ ಎಕೋ (ಸಂಪರ್ಕ ಜೀವಂತವೇ ಎಂಬ ವಿಚಾರಣೆ) 30 ಸೆಕೆಂಡಿಗೊಮ್ಮೆ, ಮೂರು ತಪ್ಪಿದರೆ ಕಡಿತ ಎಂದಿದ್ದರೆ ಒಂದೂವರೆ ನಿಮಿಷದಲ್ಲಿ ಮರುಲಾಗಿನ್. ಹಳೆಯ ರೂಟರ್‌ನಲ್ಲಿ ಸೆಷನ್‌ಗಳನ್ನು ಕಮಾಂಡ್ ಕೊಟ್ಟು ಕಡಿದರೆ ಸೆಷನ್ ಮುಗಿಯಿತೆನ್ನುವ ಪಾಡ್ಟ್ ಹೋಗುತ್ತದೆ, ಕಾಯುವುದೇ ಬೇಡ. ಕೇಬಲ್ ಕಿತ್ತು ಬದಲಿಸಿದರೆ, ಎಕೋ ಆಫ್ ಇರುವ ಮೋಡೆಮ್‌ಗಳು ಯಾರಾದರೂ ಸ್ವಿಚ್ ಆಫ್ ಮಾಡುವ ತನಕ ಹಾಗೇ ಕೂರುತ್ತವೆ.

ಒಂದು ಓಎಲ್‌ಟಿಯಿಂದ ಶುರು ಮಾಡಿ. ಮೊದಲೇ ಬರೆದಿಟ್ಟ ಹಾಳೆಯಲ್ಲಿ ಪ್ರತಿ ಹೆಜ್ಜೆಗೆ ಕಮಾಂಡ್, ಅದು ಹಿಡಿಯುವ ಸಮಯ, ಹಿಂದಕ್ಕೆ ಹೋಗುವ ಕಮಾಂಡ್, ಮತ್ತು ‘ಇಷ್ಟು ಗಂಟೆಗೆ ಇಷ್ಟು ಸೆಷನ್ ಬರದಿದ್ದರೆ ಹಿಂತಿರುಗುವುದು’ ಎಂಬ ಗೆರೆ ಇರಲಿ. ಆ ಗೆರೆಯನ್ನು ಹಗಲಿನಲ್ಲೇ ಎಳೆಯಿರಿ; ರಾತ್ರಿ ಎಲ್ಲರಿಗೂ ಇನ್ನು ಹತ್ತು ನಿಮಿಷ ನೋಡೋಣ ಎನಿಸುತ್ತದೆ. ಜೂನೋಸ್ ಮತ್ತು ಐಓಎಸ್ ಎಕ್ಸ್‌ಆರ್‌ನಲ್ಲಿ ಕಮಿಟ್ ಕನ್ಫರ್ಮ್ಡ್ ಬಳಸಿ: ಖಚಿತಪಡಿಸದಿದ್ದರೆ ನಿಗದಿತ ಸಮಯಕ್ಕೆ ಹಳೆಯ ಕಾನ್ಫಿಗರೇಷನ್ ತಾನೇ ಮರಳುತ್ತದೆ, ಎರಡರಲ್ಲೂ ಡಿಫಾಲ್ಟ್ 10 ನಿಮಿಷ. ಹಳೆಯ ಐಓಎಸ್‌ನಲ್ಲಿ, ಬದಲಾವಣೆಯನ್ನು ಸೇವ್ ಮಾಡದೆ, ಮೊದಲೇ ರೀಲೋಡ್ ಇನ್ 15 ಎಂದು ಕೊಟ್ಟಿಡಿ. ಕೆಲಸ ಸರಿಹೋದ ಮೇಲೆ ಅದನ್ನು ರದ್ದು ಮಾಡಲು ಮರೆಯಬೇಡಿ.

ಸೆಷನ್ ಎದ್ದ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ಪರೀಕ್ಷಾ ಖಾತೆಯಿಂದ ಐಪಿವಿ4, ಐಪಿವಿ6, 1464ರ ಪಿಂಗ್, ಪ್ಲಾನ್‌ನ ವೇಗ, ನಡುವೆ ವೇಗ ಬದಲಾವಣೆ ಎಲ್ಲ ನೋಡಿ. 4 ಜಿಬಿಗಿಂತ ದೊಡ್ಡ ಫೈಲ್ ಒಂದನ್ನು ಇಳಿಸಿ, ಮುಂದಿನ ಮಧ್ಯಂತರ ಅಕೌಂಟಿಂಗ್ ಬಂದ ಮೇಲೆ ಬಿಲ್ಲಿಂಗ್‌ನಲ್ಲಿ ಸರಿಯಾದ ಅಂಕಿ ಬಂತೇ ಎಂದು ಹೋಲಿಸಿ. ಹಳೆಯ ರೂಟರ್ ಹೆಸರಿನಲ್ಲಿ ರೇಡಿಯಸ್ ಸರ್ವರ್‌ನಲ್ಲಿ ಉಳಿದ ಸೆಷನ್‌ಗಳನ್ನು ಅಳಿಸಿ. ಏಕಕಾಲಕ್ಕೆ ಒಂದೇ ಲಾಗಿನ್ ಎಂಬ ನಿಯಮವಿದ್ದರೆ ಬೆಳಗ್ಗೆ ಮೋಡೆಮ್ ಆನ್ ಮಾಡಿದವರನ್ನೆಲ್ಲ ಅವು ಹೊರಗೆ ನಿಲ್ಲಿಸುತ್ತವೆ. ಹಳೆಯ ರೂಟರ್‌ನ ಕೇಬಲ್‌ಗಳನ್ನು ಲೇಬಲ್ ಸಮೇತ ಒಂದು ವಾರ ಹಾಗೇ ಬಿಡಿ. ಲೀಸ್ ಅವಧಿಯನ್ನು ಮರುದಿನ ಹಿಂದಿನ ಮಟ್ಟಕ್ಕೆ ಏರಿಸಿ, ಏರಿಸಿದ ದಿನಾಂಕವನ್ನು ಬದಲಾವಣೆ ಪುಟದಲ್ಲಿ ಬರೆಯಿರಿ.